ಓದದೆ ಹಾಕಿದ ರುಜು

ನಾನು ಬಿ.ಎ. ಮಾಡಿದವನು. ಇದನ್ನು ಮೊದಲ ಸಾಲಿನಲ್ಲೇ ಹೇಳಿಬಿಡುತ್ತೇನೆ. ಆ ಕಾಲದಲ್ಲಿ ಸಿಕ್ಕಿದವರಿಗೆಲ್ಲ ಇದನ್ನೇ ಮೊದಲು ಹೇಳುವ ಚಟ ನನಗಿತ್ತು, ಮುಂದೆ ಬರುವ ನಾಚಿಕೆಗೇಡಿನ ಕತೆಗೂ ಅದೇ ಬೇರು. ಮೈಸೂರಿನಲ್ಲಿ ತತ್ತ್ವಶಾಸ್ತ್ರ ಓದಿ ಪಾಸಾಗಿ, ಕೆಲಸಕ್ಕಾಗಿ ಎರಡು ವರ್ಷ ಅಲೆದು, ಕೊನೆಗೆ ಶಿರಾ ತಾಲ್ಲೂಕಿನ ತಾವರೆಕೆರೆಗೆ ಮಿಡ್ಲ್ ಸ್ಕೂಲಿನ ಹೆಡ್ಮಾಸ್ತರನಾಗಿ ಬಂದೆ. ಮಹಾರಾಜರ ಕಾಲ. ಸುತ್ತಲ ಹಳ್ಳಿಗಳಿಗೆಲ್ಲ ನಾನೊಬ್ಬನೇ ಬಿ.ಎ. ಬಿಸಿಲು ಎಷ್ಟೇ ಇರಲಿ, ಕರಿಕೋಟು ತೆಗೆಯುತ್ತಿರಲಿಲ್ಲ.

ಶಾಲೆಯ ಎದುರಿಗೆ ಹುಣಸೆಮರದ ಪಕ್ಕದಲ್ಲಿ ಒಬ್ಬ ಬಡಗಿಯ ಮನೆ. ಶಿರಾ ಪೇಟೆಯಿಂದ ಬಂದು ನೆಲೆಸಿದ ಮುಸಲ್ಮಾನರು, ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಊರೆಲ್ಲ ಅವರನ್ನು ಸಾಬರು ಎನ್ನುತ್ತಿತ್ತು, ನಾನೂ ಹಾಗೇ ಕರೆಯುತ್ತಿದ್ದೆ. ಗಾಡಿಯ ಗಾಲಿ, ನೇಗಿಲು, ತೊಟ್ಟಿಲು, ಮಕ್ಕಳ ಬುಗುರಿ, ಶಾಲೆಯ ಬೆಂಚು, ನಾನು ಕೂರುವ ಕೈಕುರ್ಚಿ ಎಲ್ಲ ಅವರ ಕೈಯದೇ. ಓದು ಬರಹ ಮಾತ್ರ ಗೊತ್ತಿರಲಿಲ್ಲ. ಸಂಜೆ ಶಾಲೆ ಬಿಟ್ಟ ಮೇಲೆ ನಾನು ಅವರ ಜಗಲಿಯಲ್ಲಿ ಕೂತು, ಕಾಲೇಜಿನಲ್ಲಿ ಬರೆದುಕೊಂಡ ನೋಟ್ಸು ತಿರುವುತ್ತಿದ್ದೆ. ಊರಿನಲ್ಲಿ ನನ್ನ ಪಾಂಡಿತ್ಯ ಕೇಳುವ ಕಿವಿ ಬೇರೆ ಇರಲಿಲ್ಲ, ನಿಜ ಹೇಳಬೇಕೆಂದರೆ ಅದಕ್ಕೇ ಹೋಗುತ್ತಿದ್ದೆ.

ಒಂದು ದಿನ ಅವರೇ ಕೇಳಿದರು. "ಏನೈತೆ ಮೇಷ್ಟ್ರೇ ಆ ಬುಕ್ಕಲ್ಲಿ? ದಿನಾ ಅದನ್ನೇ ನೋಡ್ತೀರಲ್ಲ, ಮುಗಿಯಾಕಿಲ್ವ?"

ಸರಿ, ನನಗೆ ಅಷ್ಟೇ ಬೇಕಿತ್ತು. ಶುರು ಮಾಡಿಬಿಟ್ಟೆ. ಎರಡು ಸಾವಿರ ವರ್ಷಕ್ಕೂ ಹಿಂದೆ ಗ್ರೀಸ್ ಎಂಬ ದೇಶದಲ್ಲಿ ಕಂಬಸಾಲಿನ ಜಗಲಿಯ ಮೇಲೆ ಪಾಠ ಹೇಳುತ್ತಿದ್ದ ಒಂದು ಪಂಗಡದವರಿದ್ದರು. ಮನುಷ್ಯ ಒಂದು ಕೆಲಸಕ್ಕೆ ಕೈ ಹಾಕುವುದು ಹೇಗೆ ಎಂಬುದೇ ಅವರ ತಲೆನೋವು. ಮೊದಲು ಒಂದು ತೋರಿಕೆ ಬರುತ್ತದೆ. ಎದುರಿಗೆ ಮಾವಿನ ಹಣ್ಣಿದೆ, ತಿಂದರೆ ಚೆನ್ನು ಅನ್ನಿಸುತ್ತದೆ. ಹಸುವಾದರೆ ಅಷ್ಟಕ್ಕೇ ಬಾಯಿ ಹಾಕುತ್ತದೆ. ಮನುಷ್ಯನಿಗೆ ನಡುವೆ ಇನ್ನೊಂದು ಮೆಟ್ಟಿಲಿದೆ. ಆ ತೋರಿಕೆಗೆ ಅವನ ಮನಸ್ಸು 'ಹೂಂ' ಅನ್ನಬೇಕು. ಆ ಒಪ್ಪಿಗೆ ಸಿಕ್ಕಿದ ಮೇಲೇ ಒಳಗಿಂದ ಒಂದು ನೂಕು ಹುಟ್ಟುತ್ತದೆ. ಅದಕ್ಕೆ ಅವರು 'ಹೊರ್ಮೆ' ಎಂದರು. ಕೈಕಾಲು ಆಡುವುದು ಅದರ ಬಲದಿಂದ. ಆದ್ದರಿಂದ 'ನನಗೇ ಗೊತ್ತಾಗಲಿಲ್ಲ, ಕೈ ತಾನೇ ಎದ್ದುಬಿಟ್ಟಿತು' ಎಂದು ಯಾರೂ ಹೇಳುವಂತಿಲ್ಲ. ಒಪ್ಪಿಗೆ ಕೊಟ್ಟವನು ನೀನೇ.

ಸಾಬರು ಉಳಿ ಕೆಳಗಿಟ್ಟರು. "ಅಲ್ಲಾ ಮೇಷ್ಟ್ರೇ, ಹೊರಗಡೆಯಿಂದ ಇನ್ನೊಬ್ರು ನೂಕಿದ್ರೆ? ಅವಾಗ ಯಾರ ತಪ್ಪು?"

ಅದಕ್ಕೂ ಆ ಗ್ರೀಕರ ಹತ್ತಿರ ಉತ್ತರವಿತ್ತು. ಉರುಟಾದ ಕೊರಡನ್ನೂ ಚೂಪು ಬುಡದ ಕೊರಡನ್ನೂ ಒಂದೇ ಕೈ ನೂಕಲಿ, ಒಂದು ನೇರ ಉರುಳುತ್ತದೆ, ಇನ್ನೊಂದು ಸುತ್ತು ಹಾಕುತ್ತದೆ. ನೂಕು ಹೊರಗಿನದು, ಉರುಳುವ ರೀತಿ ಅದರದರ ಆಕಾರದ್ದು ಎಂದೆ. ಕಾಲೇಜಿನಲ್ಲಿ ಇದು ತಲೆಗೆ ಹೋಗಲು ನನಗೆ ತಿಂಗಳು ಹಿಡಿದಿತ್ತು. ಸಾಬರು ಎದ್ದು ಒಳಗಿಂದ ಆಗತಾನೇ ಕಡೆದಿಟ್ಟಿದ್ದ ಒಂದು ಲಟ್ಟಣಿಗೆಯನ್ನೂ ಒಂದು ಬುಗುರಿಯನ್ನೂ ತಂದು ಜಗಲಿಯ ಮೇಲಿಟ್ಟು, ಎರಡನ್ನೂ ಒಂದೇ ಅಂಗೈಯಿಂದ ನೂಕಿದರು. ಲಟ್ಟಣಿಗೆ ನೆಟ್ಟಗೆ ಗೋಡೆಯವರೆಗೆ ಹೋಯಿತು. ಬುಗುರಿ ನಿಂತಲ್ಲೇ ಅರ್ಧ ಸುತ್ತು ಹೊಡೆಯಿತು.

"ಸರಿಯಾಗೇ ಹೇಳವ್ರೆ ಬುಡಿ ನಿಮ್ ಗಿರೀಕ್ ಜನ," ಎಂದರು. "ನಾನು ಹೆಂಗೆ ಕಡೆದೆನೋ ಅದು ಅಂಗೇ ಉರುಳ್ತದೆ. ಮನುಷ್ಯನ್ನ ಕಡೆಯೋನು ಯಾರು ಮತ್ತೆ?"

"ಅವನೇ," ಎಂದೆ. ದಿನದಿನವೂ ಯಾವುದಕ್ಕೆ ಹೂಂ ಅನ್ನುತ್ತಾನೋ ಅದೇ ಅವನನ್ನು ಕಡೆಯುತ್ತದೆ ಎಂದು ದೊಡ್ಡದಾಗಿ ಹೇಳಿದೆ. ಅವರು ತಲೆದೂಗಿ ಆ ಲಟ್ಟಣಿಗೆಯನ್ನು ನನ್ನ ಹೆಂಡತಿಗೆಂದು ಕೊಟ್ಟು ಕಳಿಸಿದರು.

ನನ್ನ ಹೆಂಡತಿ ಮಧುಗಿರಿಯವಳು, ಬಾಯಿ ಸ್ವಲ್ಪ ಚುರುಕು. ಲಟ್ಟಣಿಗೆ ಬಂದ ಕತೆ ಕೇಳಿ, "ನಿಮ್ಮ ಗ್ರೀಕರಿಗೆ ಹೆಂಡತಿ ಮಕ್ಕಳು ಇರಲಿಲ್ವೇನು? ಒಂದು ಮಾವಿನ ಹಣ್ಣು ತಿನ್ನೋದಕ್ಕೆ ಇಷ್ಟು ಮೆಟ್ಟಿಲು ಹತ್ತಿ ಇಳಿದರೆ ಅಷ್ಟರಲ್ಲಿ ಮಕ್ಕಳು ಮುಗಿಸಿರ್ತಾವೆ," ಎಂದಳು. ಮರುದಿನ ಅದರಲ್ಲೇ ಚಪಾತಿ ಲಟ್ಟಿಸಿದಳು.

ಇನ್ನು ನಮ್ಮ ಕಡೆಯ ಒಂದು ಪದ್ಧತಿಯನ್ನು ಹೇಳಬೇಕು. ನಮ್ಮ ತಂದೆ ಕೊರಟಗೆರೆ ಕಡೆಯ ಒಂದು ಊರಿನಲ್ಲಿ ನಾಲ್ಕು ಜನ ಕೇಳಿ ನಡೆಯುವಂಥ ಮನುಷ್ಯ. ಕ್ರಯಪತ್ರವಿರಲಿ, ಪಾಲುಪಟ್ಟಿಯಿರಲಿ, ಊರಿನ ಯಾವ ಕಾಗದಕ್ಕೂ ಸಾಕ್ಷಿಯ ರುಜು ಅವರದ್ದೇ. ಅವರು ಒಂದನ್ನೂ ಓದಿದ್ದನ್ನು ನಾನು ಕಾಣೆ. ಕಾಗದ ತಂದವರನ್ನು ಕೂರಿಸಿ, ಎಲೆಯಡಿಕೆ ಕೊಟ್ಟು, ಸುಮ್ಮನೆ ರುಜು ಹಾಕುತ್ತಿದ್ದರು. ದೊಡ್ಡವರು ತಂದ ಕಾಗದವನ್ನು ಅವರ ಎದುರಿಗೇ ಓದುವುದೆಂದರೆ ನಿನ್ನ ಮೇಲೆ ನಂಬಿಕೆಯಿಲ್ಲ ಎಂದು ಮುಖಕ್ಕೆ ಹೇಳಿದ ಹಾಗೆ. ಓದದೆ ರುಜು ಹಾಕುವುದೇ ದೊಡ್ಡಸ್ತಿಕೆ. ಬಿ.ಎ. ಓದಿದ ನಾನೂ ಆ ದೊಡ್ಡಸ್ತಿಕೆಯನ್ನು ಮನೆಯಿಂದ ಹೊತ್ತುಕೊಂಡೇ ಬಂದಿದ್ದೆ.

ಒಂದು ಬೆಳಿಗ್ಗೆ ಶಾಲೆಯ ಮುಂದೆ ಗಾಡಿ ನಿಂತಿತು. ಗಂಧದ ಮರದ ಕಳ್ಳಸಾಗಣೆಯ ತಪಾಸಣೆಗೆಂದು ಒಬ್ಬ ಸಾಹೇಬರು ನಾಲ್ಕು ಜನ ಪೇದೆಗಳೊಡನೆ ಬಂದಿದ್ದರು. ನಮ್ಮ ಸೀಮೆಯಲ್ಲಿ ಗಂಧದ ಮರ ಸರ್ಕಾರದ್ದು. ನಮ್ಮ ಹಿತ್ತಲಲ್ಲೇ ಹುಟ್ಟಿ ಬೆಳೆದರೂ ಸರ್ಕಾರದ್ದೇ, ತುಂಡು ಮನೆಯಲ್ಲಿ ಸಿಕ್ಕರೆ ಜೈಲು. ಸಾಹೇಬರು ನೇರವಾಗಿ ಸಾಬರ ಮನೆಗೆ ಹೋದರು. ಪಂಚರು ಬೇಕು, ಅಂದರೆ ತಪಾಸಣೆಯನ್ನು ಕಣ್ಣಾರೆ ನೋಡಿ ರುಜು ಹಾಕುವ ಸಾಕ್ಷಿಗಳು ಬೇಕು ಎಂದು ನನ್ನನ್ನೂ ಕರೆಸಿದರು.

ನಾನು ಹೋದಾಗ ಸಾಹೇಬರು ಹುಣಸೆಮರದ ನೆರಳಲ್ಲಿದ್ದರು. "ಬನ್ನಿ ಮೇಷ್ಟ್ರೇ, ಬನ್ನಿ. ತಾವು ಬಿ.ಎ. ಅಂತಲ್ಲ? ಇಂಥ ಕೊಂಪೆಯಲ್ಲಿ ಬಿ.ಎ. ಸಿಗೋದು ನಮ್ಮ ಅದೃಷ್ಟ. ಯಾರಯ್ಯ ಅಲ್ಲಿ, ಮೇಷ್ಟ್ರಿಗೆ ಕುರ್ಚಿ ತನ್ನಿ!" ಎಂದರು.

ಪೇದೆಯೊಬ್ಬ ಓಡಿಹೋಗಿ ಶಾಲೆಯಿಂದ ನನ್ನ ಕೈಕುರ್ಚಿಯನ್ನೇ ಹೊತ್ತು ತಂದ. ಊರ ಜನ ನೋಡುತ್ತಿದ್ದರು. ನಾನು ಕೂತೆ. ನನ್ನ ಜೊತೆ ಪಂಚರಾದ ಇನ್ನಿಬ್ಬರು ಹೆಬ್ಬೆಟ್ಟಿನವರು, ನೆಲದ ಮೇಲೆ ಕೂತರು. ಸಾಹೇಬರು ಮೈಸೂರಿನ ಕಾಲೇಜಿನ ಮಾತೆತ್ತಿದರು, ನಡುವೆ ಒಂದೆರಡು ಇಂಗ್ಲಿಷ್ ಮಾತು ಬೆರೆಸಿದರು, ನಾನು ನಾಲ್ಕು ಬೆರೆಸಿದೆ. ಎಳನೀರು ಬಂತು. ಅಷ್ಟು ಹೊತ್ತೂ ಪೇದೆಗಳು ಮನೆಯ ಒಳಗಿದ್ದರು. ಸಾಬರು ಬಾಗಿಲಲ್ಲಿ ನಿಂತು ಒಂದು ಸಲ ನನ್ನ ಕಡೆ ನೋಡಿ, "ಮೇಷ್ಟ್ರೇ, ಒಸಿ ಒಳೀಕೆ ಬನ್ನಿ, ನೀವೂ ನೋಡಿ," ಎಂದರು. ನಾನು ಎಳನೀರು ಕುಡಿಯುತ್ತಿದ್ದೆ. "ಬಂದೆ ಸಾಬರೇ" ಎಂದೆ, ಹೋಗಲಿಲ್ಲ. ಸಾಹೇಬರ ಮಾತು ಅರ್ಧದಲ್ಲಿತ್ತು, ಎದ್ದರೆ ಚೆನ್ನಾಗಿರುವುದಿಲ್ಲ ಅನ್ನಿಸಿತು.

ಸ್ವಲ್ಪ ಹೊತ್ತಿಗೆ ಪೇದೆಗಳು ಹೊರಗೆ ಬಂದರು. ಮೊಳದುದ್ದದ ಒಂದು ಗಂಧದ ತುಂಡು, ಜೊತೆಗೆ ಸಾಬರ ಬಾಚಿ, ಗರಗಸ, ಉಳಿಗಳು. ತುಂಡು ಅಟ್ಟದ ಮೇಲೆ ಸಿಕ್ಕಿತು ಎಂದರು. "ಅಟ್ಟದಾಗೆ ಏನೂ ಇರ್ನಿಲ್ಲ, ಖುದಾನಾಣೆ!" ಎಂದು ಸಾಬರು ಕೂಗಿದರು. ಸಾಹೇಬರ ಗುಮಾಸ್ತ ಪಂಚನಾಮೆಯ ಕಾಗದ ಬರೆದು ಮುಗಿಸಿ, ಲೆಕ್ಕಣಿಕೆಯನ್ನು ನನ್ನ ಕೈಗೆ ಕೊಟ್ಟ. ಕಾಗದ ಎರಡು ಪುಟ ಇತ್ತು. 'ಪಂಚರಾದ ನಾವು ಸಮಕ್ಷಮ ನಿಂತು' ಎಂಬ ಸಾಲು ಕಣ್ಣಿಗೆ ಬಿತ್ತು, ಮುಂದೆ ಓದಲಿಲ್ಲ. ಸಾಹೇಬರು ನನ್ನ ಮುಖವನ್ನೇ ನೋಡುತ್ತಾ ನಗುತ್ತಿದ್ದರು. ಮಸಿಕುಡಿಕೆಗೆ ಅದ್ದಿ ರುಜು ಹಾಕಿದೆ. ಕೆಳಗೆ ಬಿ.ಎ. ಎಂದೂ ಬರೆದೆ.

ಆ ತುಂಡು ನಿಜಕ್ಕೂ ಅಟ್ಟದ ಮೇಲಿತ್ತೋ ಇಲ್ಲವೋ ಇಂದಿಗೂ ನನಗೆ ಗೊತ್ತಿಲ್ಲ. ಸಾಬರು ಸುಳ್ಳು ಹೇಳಿದರೋ, ಪೇದೆಗಳು ಹೇಳಿದರೋ, ಗೊತ್ತಿಲ್ಲ. ಅದನ್ನು ತಿಳಿಯಲೆಂದೇ ನನ್ನನ್ನು ಕರೆದಿದ್ದರು. ಒಂದು ಹತ್ತು ಹೆಜ್ಜೆ ನಡೆದಿದ್ದರೆ ಗೊತ್ತಾಗುತ್ತಿತ್ತು. ಥೂ, ಹತ್ತು ಹೆಜ್ಜೆ!

ಅವತ್ತು ಮನೆಗೆ ಬಂದು ನನಗೆ ನಾನೇ ವಕೀಲನಾದೆ. ಆ ಗ್ರೀಕರೇ ಹೇಳಿದ್ದಾರಲ್ಲ, ಗುಡುಗು ಹೊಡೆದಾಗ ಎಂಥ ಜ್ಞಾನಿಯಾದರೂ ಬೆಚ್ಚುತ್ತಾನೆ, ಬಣ್ಣಗೆಡುತ್ತಾನೆ, ಅದಕ್ಕೆ ಒಪ್ಪಿಗೆಯ ಮಾತೇ ಇಲ್ಲ, ಅದು ಮೈಯ ಗುಣ, ತಪ್ಪಲ್ಲ. ನಾನು ರುಜು ಹಾಕಿದ್ದೂ ಅಂಥದ್ದೇ, ಸಾಹೇಬರ ಗತ್ತಿಗೆ ಬೆಚ್ಚಿದೆ, ಅಷ್ಟೇ. ಹೀಗೆ ಎರಡು ದಿನ ಸಮಾಧಾನ ಮಾಡಿಕೊಂಡೆ. ಮೂರನೆಯ ದಿನ ಹಾಜರಿ ಪುಸ್ತಕಕ್ಕೆ ರುಜು ಹಾಕಲು ಲೆಕ್ಕಣಿಕೆ ಅದ್ದಿದಾಗ ಕೈ ನಿಂತಿತು. ಬೆಚ್ಚಿದವನು ಮಸಿಕುಡಿಕೆಯ ಮುಚ್ಚಳ ತೆಗೆಯುವುದಿಲ್ಲ. ಲೆಕ್ಕಣಿಕೆ ಅದ್ದಿ, ಹೆಚ್ಚಿನ ಮಸಿಯನ್ನು ಅಂಚಿಗೆ ಒರೆಸಿ, ಹೆಸರು ಬರೆದು, ಬಿ.ಎ. ಎಂದು ಸೇರಿಸುವುದಿಲ್ಲ. ನಾನು ಹೂಂ ಅಂದಿದ್ದೆ. ಸಾಹೇಬರ ಭಯಕ್ಕಲ್ಲ, ಕುರ್ಚಿಗೆ. ಹೊಟ್ಟೆಯ ಹಸಿವು ಒಂದು, ಮರ್ಯಾದೆಯ ಹಸಿವು ಇನ್ನೊಂದು ಎಂದು ಆ ದೇಶದವರು ಬೇರೆಬೇರೆ ಎಣಿಸಿದ್ದನ್ನು ನಾನೇ ಇನ್ನೊಂದು ಸಂಜೆ ಸಾಬರಿಗೆ ಪಾಠ ಹೇಳಿದ್ದೆ.

ಅವತ್ತೇ ಪೇದೆಗಳು ಹಿಡಿದೊಯ್ದಿದ್ದ ಸಾಬರು ಜಾಮೀನಿನ ಮೇಲೆ ಬಂದರು. ಕೇಸು ಮಧುಗಿರಿಯ ಕೋರ್ಟಿಗೆ ಹೋಯಿತು. ವಿಚಾರಣೆಗೆ ಎರಡು ದಿನ ಮುಂಚೆ ಅವರು ನಮ್ಮ ಮನೆಗೆ ಬಂದು ಬಾಗಿಲ ಹೊರಗೇ ನಿಂತರು. ಒಳಗೆ ಬನ್ನಿ ಎಂದರೂ ಬರಲಿಲ್ಲ.

"ಮೇಷ್ಟ್ರೇ, ನಾನು ಒಳ್ಳೆಯೋನು ಅಂತ ನೀವು ಹೇಳ್ಬೇಡಿ. ಗಂಧ ನಂದಲ್ಲ ಅಂತಲೂ ಹೇಳ್ಬೇಡಿ, ನಿಮಗೇನು ಗೊತ್ತು. ನೀವು ಎಲ್ಲಿ ಕೂತಿದ್ರಿ, ಅಷ್ಟು ಹೇಳಿ ಸಾಕು. ಹುಣಸೆಮರದ ಕೆಳಗೆ ಕುರ್ಚಿ ಮೇಲೆ ಕೂತಿದ್ದೆ, ಅಟ್ಟ ಕಾಣ್ತಿರ್ನಿಲ್ಲ. ಅಷ್ಟೇ ಮಾತು. ಅದು ದಿಟ ತಾನೆ?"

"ದಿಟ," ಎಂದೆ.

"ಹೇಳ್ತೀರಾ?"

"ಹೇಳ್ತೀನಿ ಸಾಬರೇ."

"ಆ ಬಾಚಿ ನಮ್ಮಪ್ಪಂದು ಮೇಷ್ಟ್ರೇ," ಎಂದರು. "ನಾನು ಒಳಗೋದ್ರೂ ಹೋದೆ, ಬಾಚಿ ಹೋದ್ರೆ ಆಚೆ ಬಂದ್ಮೇಲೆ ಮಾಡೋದೇನು." ಅಷ್ಟು ಹೇಳಿ ಹೊರಟರು. ಹೆಂಡತಿ ಒಳಗಿಂದ ಎಲ್ಲ ಕೇಳಿಸಿಕೊಂಡಿದ್ದಳು. "ಹೇಳಿಬಿಡಿ, ಇದ್ದದ್ದು ಇದ್ದ ಹಾಗೆ. ಹೆಚ್ಚೆಂದರೆ ಸಾಹೇಬರು ಬಯ್ತಾರೆ," ಎಂದಳು. ನಾನೂ ಹಾಗೇ ನಿಶ್ಚಯ ಮಾಡಿದ್ದೆ. ದೇವರಾಣೆಗೂ ಮಾಡಿದ್ದೆ.

ಶಿರಾದಿಂದ ಸರ್ವೀಸ್ ಬಸ್ಸಿನಲ್ಲಿ ಮಧುಗಿರಿಗೆ ಹೋಗುವಾಗ ದಾರಿಯುದ್ದಕ್ಕೂ ಆ ಒಂದು ವಾಕ್ಯವನ್ನು ಬಾಯಲ್ಲೇ ಹೇಳಿಕೊಂಡೆ. ಬೆಟ್ಟ ಕಂಡಾಗ ಒಂದು ಸಲ, ಬಸ್ಸು ನಿಂತಾಗ ಒಂದು ಸಲ. ಪಾಠ ಒಪ್ಪಿಸುವ ಹುಡುಗನಷ್ಟು ಸಲೀಸಾಗಿ ಬಾಯಿಗೆ ಬಂದಿತ್ತು.

ಸಾಕ್ಷಿ ಕೂಗಿದರು. ಕಟಕಟೆಯಲ್ಲಿ ನಿಂತೆ, ಪ್ರಮಾಣ ಮಾಡಿದೆ. ನ್ಯಾಯಾಧೀಶರು ಕಾಗದ ನೋಡಿ ತಲೆಯೆತ್ತಿ, ಇಂಗ್ಲಿಷಿನಲ್ಲಿ, ತಾವು ಪದವೀಧರರೋ ಎಂದು ಕೇಳಿದರು. ಹೌದೆಂದೆ. ಜವಾನನಿಗೆ ಸನ್ನೆ ಮಾಡಿದರು. ಅವನು ಒಂದು ಕುರ್ಚಿ ತಂದು ಕಟಕಟೆಯೊಳಗೆ ಇಟ್ಟ. ಮರ್ಯಾದಸ್ಥ ಸಾಕ್ಷಿಗಳಿಗೆ ಹಾಗೆ ಕೊಡುವ ಪದ್ಧತಿ ಇತ್ತು. ಕೋರ್ಟಿನ ತುಂಬ ಜನ. ನಾನು ಕೂತೆ.

ಸರ್ಕಾರದ ವಕೀಲರು ಪಂಚನಾಮೆ ತೋರಿಸಿದರು. "ಇದು ತಮ್ಮ ರುಜುವೇ?"

"ಹೌದು."

"ಇದರಲ್ಲಿ ಬರೆದದ್ದೆಲ್ಲ ತಾವು ಕಣ್ಣಾರೆ ಕಂಡದ್ದೇ?"

ನಾನು ಬಾಯಿ ತೆರೆದೆ. ಇಲ್ಲ ಎಂದರೆ ಬಿ.ಎ. ಮೇಷ್ಟ್ರು ಓದದೆ ರುಜು ಹಾಕಿದರು ಎಂದು ಈ ಕುರ್ಚಿಯ ಮೇಲೆ ಕೂತೇ ಹೇಳಬೇಕು. ಈ ಜನವೆಲ್ಲ ನಗುತ್ತದೆ, ನ್ಯಾಯಾಧೀಶರ ಮುಖ ಬದಲಾಗುತ್ತದೆ, ಕುರ್ಚಿ ಹಿಂದಕ್ಕೆ ಹೋಗುತ್ತದೆ. ಇಷ್ಟೆಲ್ಲ ಯೋಚಿಸಲು ಸಮಯವಿತ್ತು, ಓದುವವರು ಅದನ್ನು ಗಮನಿಸಬೇಕು. ಕಿಟಕಿಯಾಚೆ ಬೆಟ್ಟದ ಬೋಳು ಬಂಡೆಯ ಮೇಲೆ ಬಿಸಿಲು ಬಿದ್ದಿದ್ದನ್ನೂ ನೋಡಿದೆ. ತೋರಿಕೆ ಬಂತು, ನನ್ನ ಮುಂದೆ ನಿಂತಿತು, ಒಪ್ಪಿಗೆ ಕೊಡುತ್ತೀಯಾ ಎಂದು ಕೇಳಿ ಕಾದಿತು.

"ಹೌದು," ಎಂದೆ.

ಸಾಬರಿಗೆ ವಕೀಲರಿರಲಿಲ್ಲ. ಏನಾದರೂ ಕೇಳುವುದಿದೆಯೇ ಎಂದಾಗ ಅವರು ಕೈ ಮುಗಿದು, "ಒಂದೇ ಮಾತು ಸ್ವಾಮಿ. ಮೇಷ್ಟ್ರು ಅವಾಗ ಎಲ್ಲಿ ಕೂತಿದ್ರು ಅಂತ ಕೇಳಿ," ಎಂದರು. ನ್ಯಾಯಾಧೀಶರು ನನ್ನ ಕಡೆ ತಿರುಗಿದರು.

"ಬಾಗಿಲ ಹತ್ತಿರ ನಿಂತಿದ್ದೆ. ಅಟ್ಟ ಕಾಣುತ್ತಿತ್ತು," ಎಂದೆ. ಬಸ್ಸಿನಲ್ಲಿ ಅಭ್ಯಾಸ ಮಾಡಿದ ವಾಕ್ಯ ಅದಾಗಿರಲಿಲ್ಲ. ಇದು ಎಲ್ಲಿಂದ ಬಂತು ಎಂದು ಕೇಳಿದರೆ, ನನ್ನಿಂದಲೇ ಬಂತು ಎನ್ನಬೇಕು. ಸಾಬರು ನನ್ನ ಮುಖ ನೋಡಲಿಲ್ಲ. ನಾನು ಕೂತಿದ್ದ ಕುರ್ಚಿಯ ಕಾಲನ್ನು ನೋಡುತ್ತಿದ್ದರು.

ಆರು ತಿಂಗಳು ಶಿಕ್ಷೆಯಾಯಿತು. ಅವರನ್ನು ತುಮಕೂರಿಗೆ ಕರೆದೊಯ್ದರು. ಅವರ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಪಾವಗಡದ ತವರಿಗೆ ಹೊರಟುಹೋದರು.

ಮನೆಗೆ ಬಂದಾಗ ಹೆಂಡತಿ, "ಹೇಳಿದಿರಾ?" ಎಂದು ಕೇಳಿದಳು. ಇಲ್ಲ ಎಂದೆ. ಏನಂದಿರಿ ಎಂದಳು. ಅಂದದ್ದನ್ನು ಹೇಳಿದೆ. ನನ್ನ ಮೇಲೆ ಎಂದೂ ದನಿಯೆತ್ತದವಳಲ್ಲ ಅವಳು, ಅವತ್ತೂ ಎತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. ಆದರೆ ಮೆಲ್ಲಗೆ, "ಹಾಗಾದರೆ ಅಷ್ಟು ದಿನ ಆ ಮನುಷ್ಯನ ಜಗಲಿ ಮೇಲೆ ಕೂತು ಓದಿದ್ದೇನನ್ನ?" ಎಂದಳು. ಕುಡಿದವನೂ ಪದ್ಯ ಒಪ್ಪಿಸಬಲ್ಲ, ಹಾಗೆಂದು ಅವನಿಗೆ ಅದರ ಅರ್ಥ ತಿಳಿದಿದೆ ಎನ್ನಲಾಗದು ಎಂದು ಆ ದೇಶದ ಇನ್ನೊಬ್ಬ ಜ್ಞಾನಿ ಹೇಳಿದ್ದು ನೋಟ್ಸಿನಲ್ಲಿತ್ತು. ಪರೀಕ್ಷೆಯಲ್ಲಿ ಅದಕ್ಕೆ ನನಗೆ ಒಳ್ಳೆಯ ಮಾರ್ಕು ಬಂದಿತ್ತು. ನೋಟ್ಸನ್ನು ಪೆಟ್ಟಿಗೆಯ ತಳಕ್ಕೆ ಹಾಕಿದೆ.

ಆರು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಸಾಬರು ಬಂದರು. ಗಡ್ಡ ಬೆಳ್ಳಗಾಗಿತ್ತು. ನಾನು ಶಾಲೆಯಲ್ಲಿ ಒಬ್ಬನೇ ಇದ್ದೆ. ಎದ್ದು ನಿಂತೆ. ಕ್ಷಮಿಸಿ ಎನ್ನಬೇಕೆಂದು ಆರು ತಿಂಗಳು ಕಾದಿದ್ದವನು ನಾನು. ಆದರೆ ಅವರು ಅದಕ್ಕೆ ಬಂದವರಲ್ಲ.

"ಒಂದು ಅರ್ಜಿ ಬರೀಬೇಕು ಮೇಷ್ಟ್ರೇ," ಎಂದರು. "ಬಾಚಿ, ಗರಗಸ, ಉಳಿ ವಾಪಸ್ ಕೊಡ್ರಿ ಅಂತ ಅಮಲ್ದಾರ್‌ಗೆ. ಗಂಧ ಮಾತ್ರ ಅವರೇ ಮಡೀಕಳ್ಳಲಿ. ಸಾಮಾನು ಸಿಕ್ಕಿದ್ರೆ ಪಾವಗಡದ ಕಡೆ ಹೋಗಿ ಬದೀಕತೀನಿ. ಇಲ್ಲಿ ಇನ್ನು ನನಗೆ ಯಾರು ಕೆಲಸ ಕೊಟ್ಟಾರು."

"ಸಾಬರೇ, ನಾನು ಅವತ್ತು..." ಎಂದೆ.

"ಬರೀರಿ ಮೇಷ್ಟ್ರೇ. ಊರಲ್ಲಿ ಇಂಥ ಅರ್ಜಿ ಬರೆಯೋರು ನೀವೊಬ್ರೇ, ಅದಕ್ಕೇ ಬಂದೆ."

ಬರೆದೆ. ನನ್ನ ಜೀವಮಾನದಲ್ಲಿ ಯಾವ ಕಾಗದವನ್ನೂ ಅಷ್ಟು ನಿಗಾ ಇಟ್ಟು ಬರೆದಿಲ್ಲ. ಒಂದೊಂದು ಉಳಿಯನ್ನೂ ಅವರು ಹೇಳಿದ ಹಾಗೇ ಬರೆದೆ. ಮುಗಿಸಿ, ಹೆಬ್ಬೆಟ್ಟಿಗೆಂದು ಮಸಿಯ ಬಟ್ಟೆಯನ್ನು ಮುಂದಿಟ್ಟೆ. ಅವರು ಬೆರಳು ಚಾಚಲಿಲ್ಲ. "ಓದಿ," ಎಂದರು. ಓದಿದೆ. "ಇನ್ನೊಂದ್ಸಲ." ಮತ್ತೆ ಓದಿದೆ. ಆಮೇಲೆ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು, "ಈಗ ಬಂದೆ ಇರಿ," ಎಂದು ಹೊರಗೆ ಹೋದರು. ಕಿಟಕಿಯಿಂದ ನೋಡಿದೆ. ಅಂಗಡಿಯ ಶೆಟ್ಟರ ಮುಂದೆ ಕಾಗದ ಹಿಡಿದು ನಿಂತಿದ್ದರು. ಶೆಟ್ಟರು ಕೂಡಿಸಿ ಕೂಡಿಸಿ ಓದುವವರು, ಬರೆಯಲು ಬಾರದು. ಅವರು ತಡವರಿಸುತ್ತಾ ಓದಿ ಹೇಳುತ್ತಿದ್ದರೆ ಸಾಬರು ಒಂದೊಂದು ಸಾಲಿಗೂ ತಲೆಯಾಡಿಸುತ್ತಿದ್ದರು. ನಾನು ಬರೆದದ್ದನ್ನೇ ನಾನು ಓದಿದೆನೋ ಇಲ್ಲವೋ ಎಂದು ಪರೀಕ್ಷೆ ಮಾಡಿಸುತ್ತಿದ್ದರು. ಊರೆಲ್ಲ ಓಡಾಡುವ ಬೀದಿಯಲ್ಲಿ. ನನಗೆ ಸಿಟ್ಟು ಬರಲಿಲ್ಲ, ಸಿಟ್ಟು ಬರುವ ಹಕ್ಕನ್ನೂ ನಾನು ಕಳೆದುಕೊಂಡಿದ್ದೆ.

ಹಿಂತಿರುಗಿ ಬಂದು ನನ್ನ ಎದುರಿಗೆ ಹೆಬ್ಬೆಟ್ಟು ಒತ್ತಿದರು. ಹೆಬ್ಬೆಟ್ಟಿನ ಕೆಳಗೆ ಕಾಗದ ಬರೆದವನೂ ರುಜು ಹಾಕಬೇಕು, ಅದಕ್ಕೆ ನಮ್ಮಲ್ಲಿ ಬಿಕ್ಕಲಂ ಎನ್ನುತ್ತಾರೆ. ನಾನು ಲೆಕ್ಕಣಿಕೆಯನ್ನು ಅದ್ದಿ ಕಾಗದದ ಮೇಲೆ ಬಗ್ಗಿದೆ. ಸಾಬರು ಕಾಗದದ ಮೇಲೆ ಅಂಗೈ ಇಟ್ಟರು.

"ಓದ್ಕಂಡು ಹಾಕಿ ಮೇಷ್ಟ್ರೇ," ಎಂದರು.

ದನಿಯಲ್ಲಿ ಕೊಂಕಿರಲಿಲ್ಲ. ಕೆಲಸ ಕಲಿಯುವವನಿಗೆ ಉಳಿ ಹೀಗೆ ಹಿಡಿ ಎಂದು ಹೇಳುವ ದನಿ ಅದು. ಅಂಗೈ ತೆಗೆದರು. ನಾನೇ ಬರೆದ ಅರ್ಜಿಯನ್ನು ಮೊದಲ ಸಾಲಿನಿಂದ ಕೊನೆಯವರೆಗೆ, ಅವರು ನಿಂತು ಕೇಳುತ್ತಿದ್ದ ಹಾಗೆ, ಗಟ್ಟಿಯಾಗಿ ಓದಿದೆ. ಆಮೇಲೆ ರುಜು ಹಾಕಿದೆ. ಬಿ.ಎ. ಎಂದು ಬರೆಯಲಿಲ್ಲ.